ಮೇಕಪ್ ಬ್ರಷ್‌ಗಳ ಆರೈಕೆ

ಮುಖಕ್ಕೆ ಪುಡಿ, ದ್ರವ ಅಥವಾ ಜಿಡ್ಡಿನ ಬಣ್ಣ ಹಚ್ಚಲು ಬಳಸುವ ಬ್ರಷ್‌ಗಳನ್ನು ತೊಳೆದು, ಸೋಂಕು ಕಳೆದು, ಒಣಗಿಸಿ, ಮುಂದಿನ ಬಳಕೆಗೆ ಕಾಪಿಡುವ ಕೆಲಸಗಳ ಒಟ್ಟು ಕ್ರಮವನ್ನು ಮೇಕಪ್ ಬ್ರಷ್‌ಗಳ ಆರೈಕೆ ಎನ್ನುತ್ತಾರೆ. ಚರ್ಮ ಮತ್ತು ಕಣ್ಣಿನ ಆರೋಗ್ಯ, ಬಣ್ಣ ಸಮವಾಗಿ ಕೂರುವುದು, ಬ್ರಷ್‌ನ ಬಾಳಿಕೆ ಈ ಮೂರೂ ಅದನ್ನು ಅವಲಂಬಿಸಿವೆ. ಆರೈಕೆಯ ತತ್ತ್ವ ಎಲ್ಲೆಡೆ ಒಂದೇ ಆದರೂ ಊರಿನ ನೀರು, ಹವೆ ಮತ್ತು ಬಳಕೆಗೆ ತಕ್ಕಂತೆ ಕ್ರಮ ಬದಲಾಗುತ್ತದೆ. ತೆಲಂಗಾಣದ ನಾರಾಯಣಪೇಟೆ, ಮಖ್ತಲ್ ಮತ್ತು ಗದ್ವಾಲ ಪಟ್ಟಣಗಳಲ್ಲಿ ಕೊಳವೆಬಾವಿಯ ಗಡಸು ನೀರು, ಉರಿಬೇಸಿಗೆಯ ಮದುವೆ ಹಂಗಾಮು, ಒಂದೇ ಸೆಟ್ ಹಲವು ಮುಖಗಳಿಗೆ ಓಡಾಡುವ ಪದ್ಧತಿ ಇವು ಆ ಕ್ರಮವನ್ನು ನಿರ್ಧರಿಸುತ್ತವೆ. ಈ ಲೇಖನ ವಿಷಯವನ್ನು ಆ ನೆಲೆಯಿಂದ ವಿವರಿಸುತ್ತದೆ.

ಪರಿಭಾಷೆ

ಬ್ರಷ್‌ನ ಬಣ್ಣ ಹಿಡಿಯುವ ಕೂದಲು ಅಥವಾ ನೂಲಿಗೆ ಇಲ್ಲಿ ಎಳೆ ಎಂದೂ, ಎಳೆಗಳ ಗೊಂಚಲಿಗೆ ತಲೆ ಎಂದೂ, ತಲೆಯನ್ನು ಹಿಡಿಕೆಗೆ ಬಿಗಿಯುವ ಲೋಹದ ಕೊಳವೆಗೆ ಕೊರಳು ಎಂದೂ ಹೇಳಲಾಗಿದೆ. ತೊಳೆಯುವುದು ಎಂದರೆ ಬಣ್ಣ, ಎಣ್ಣೆ, ಸತ್ತ ಚರ್ಮ ಮತ್ತು ಧೂಳನ್ನು ನೀರು ಹಾಗೂ ಮಾರ್ಜಕದಿಂದ ತೆಗೆಯುವುದು. ಸೋಂಕು ನಿವಾರಣೆ ಎಂದರೆ ಉಳಿದ ಸೂಕ್ಷ್ಮಜೀವಿಗಳನ್ನು ರಾಸಾಯನಿಕದಿಂದ ಕೊಲ್ಲುವುದು. ಎಲ್ಲ ಜೀವಾಣುಗಳನ್ನೂ ಬೀಜಕಣಗಳನ್ನೂ ನಾಶಮಾಡುವ ಪೂರ್ಣ ನಿರ್ಜೀವೀಕರಣ ಬೇರೆಯದೇ ಕ್ರಿಯೆ. ಅದಕ್ಕೆ ಬೇಕಾದ ಶಾಖವನ್ನು ಮೇಕಪ್ ಬ್ರಷ್ ತಾಳುವುದಿಲ್ಲ. ತೊಳೆಯುವುದನ್ನೂ ಸೋಂಕು ನಿವಾರಣೆಯನ್ನೂ ಒಂದೇ ಎಂದು ಬಗೆಯುವುದು ಈ ವಿಷಯದಲ್ಲಿ ಹೆಚ್ಚಾಗಿ ಕಾಣುವ ತಪ್ಪು.

ಪ್ರದೇಶ

ಮೂರೂ ಪಟ್ಟಣಗಳು ಹಳೆಯ ಮಹಬೂಬನಗರ ಜಿಲ್ಲೆಗೆ ಸೇರಿದ್ದವು. 2016ರ ಅಕ್ಟೋಬರ್ 11ರಂದು ಜೋಗುಲಾಂಬ ಗದ್ವಾಲ ಜಿಲ್ಲೆಯೂ 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯೂ ರಚನೆಯಾದವು. ಮಖ್ತಲ್ ನಾರಾಯಣಪೇಟೆ ಜಿಲ್ಲೆಯಲ್ಲಿದೆ. 1956ರವರೆಗೆ ಇವು ರಾಯಚೂರಿನೊಂದಿಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕರ್ನಾಟಕದ ಗಡಿಯ ಊರುಗಳಲ್ಲಿ ಕನ್ನಡವೂ ತೆಲುಗೂ ಮನೆಮಾತಾಗಿವೆ. ರಾಷ್ಟ್ರೀಯ ಹೆದ್ದಾರಿ 167 ರಾಯಚೂರು, ಮಖ್ತಲ್, ಮಹಬೂಬನಗರಗಳನ್ನು ಜೋಡಿಸುತ್ತದೆ. ಭೀಮೆ ಕೃಷ್ಣೆಯನ್ನು ಸೇರುವ ಎಡೆ ಈ ಗಡಿಯಲ್ಲೇ ಇದೆ, ಗದ್ವಾಲದ ಬಳಿ ಕೃಷ್ಣೆಗೆ ಜುರಾಲಾ ಅಣೆಕಟ್ಟು ಇದೆ. ನದಿ ಹತ್ತಿರವಿದ್ದರೂ ನೆಲದಡಿಯದು ಗ್ರಾನೈಟ್ ಮತ್ತು ನೈಸ್ ಶಿಲೆ. ಆ ಶಿಲೆಯ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಕೊಳವೆಬಾವಿಗೆ ಬರುತ್ತದೆ.

ನಾರಾಯಣಪೇಟೆ ಮತ್ತು ಗದ್ವಾಲ ಎರಡೂ ಕೈಮಗ್ಗದ ಸೀರೆಗೆ ಹೆಸರಾದ ಊರುಗಳು, ಎರಡೂ ಬಗೆಯ ಸೀರೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಹತ್ತಿಯನ್ನು ಒಗೆದಂತೆ ರೇಷ್ಮೆಯನ್ನು ಒಗೆಯಬಾರದು ಎಂಬ ತಿಳಿವಳಿಕೆ ಇಲ್ಲಿನ ಮನೆಗಳಲ್ಲಿ ಹಿಂದಿನಿಂದ ಇದೆ. ಬ್ರಷ್‌ನ ಆರೈಕೆಗೂ ಅದೇ ತಿಳಿವಳಿಕೆ ಒದಗುತ್ತದೆ. ಅದರ ಕಾರಣ ಮುಂದೆ ಬರುತ್ತದೆ.

ಮೂಲ ಮತ್ತು ಬೆಳವಣಿಗೆ

ದಖ್ಖನಿನ ಮನೆಗಳ ಅಲಂಕಾರದಲ್ಲಿ ಬ್ರಷ್ ಇರಲಿಲ್ಲ. ಅರಿಶಿನವನ್ನು ಅಂಗೈಯಿಂದ, ಕುಂಕುಮವನ್ನು ಉಂಗುರದ ಬೆರಳಿನಿಂದ, ಕಾಡಿಗೆಯನ್ನು ಕಿರುಬೆರಳಿನಿಂದ, ಸುರುಮವನ್ನು ಲೋಹದ ಕಡ್ಡಿಯಿಂದ ಹಚ್ಚುತ್ತಿದ್ದರು. ಒಂದೇ ಸುರುಮದ ಕಡ್ಡಿ ಮನೆಮಂದಿಯ ಕಣ್ಣುಗಳಿಗೆಲ್ಲ ಸುತ್ತುವುದು ಟ್ರಕೋಮಾದಂತಹ ಕಣ್ಣುರೋಗ ಹರಡಲು ಒಂದು ದಾರಿಯಾಗಿತ್ತು. ಭಾರತವು ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಹಂಚಿಕೊಂಡ ಉಪಕರಣದಿಂದ ಕಣ್ಣಿಗೆ ಒದಗುವ ಅಪಾಯ ಮಾತ್ರ ಬ್ರಷ್‌ನ ಕಾಲದಲ್ಲಿಯೂ ಹಾಗೆಯೇ ಉಳಿದಿದೆ.

ಬಣ್ಣದ ಬಳಕೆ ಶಾಸ್ತ್ರವಾಗಿ ಬೆಳೆದದ್ದು ರಂಗಭೂಮಿಯಲ್ಲಿ. ಭರತನ ನಾಟ್ಯಶಾಸ್ತ್ರ ವೇಷಭೂಷಣ ಮತ್ತು ಬಣ್ಣಗಾರಿಕೆಯನ್ನು ಆಹಾರ್ಯಾಭಿನಯ ಎಂದು ಬೇರೆ ಅಧ್ಯಾಯದಲ್ಲಿ ಹೇಳುತ್ತದೆ. ಕರಾವಳಿಯ ಯಕ್ಷಗಾನದಲ್ಲಿ ಕಲಾವಿದರು ಚೌಕಿ ಎಂಬ ಬಣ್ಣದ ಮನೆಯಲ್ಲಿ ಕೂತು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಸಫೇದ, ಅರದಾಳ, ಇಂಗಳೀಕ, ಕಾಡಿಗೆಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಬೆರಳಿನಿಂದ ಬಳಿಯುವುದು, ಸಣ್ಣ ಗೆರೆಗಳನ್ನು ಕಡ್ಡಿಯಿಂದ ಎಳೆಯುವುದು, ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣದ ಚುಟ್ಟಿ ಇಡುವುದು ಹಳೆಯ ಕ್ರಮ. ಬಳಸಿದ ಕಡ್ಡಿಯನ್ನು ಆಟ ಮುಗಿದ ಮೇಲೆ ಎಸೆದುಬಿಡಬಹುದಾಗಿತ್ತು, ಆದ್ದರಿಂದ ಅದರ ಆರೈಕೆಯ ಪ್ರಶ್ನೆ ಬರುತ್ತಿರಲಿಲ್ಲ. ಕೂದಲಿನ ಬ್ರಷ್ ಬಂದ ಮೇಲೆಯೇ ತೊಳೆದು ಇಡುವ ಅಗತ್ಯ ಹುಟ್ಟಿತು.

ಚಲನಚಿತ್ರದ ಬೆಳಕಿಗೆ ತಕ್ಕ ತೆಳುವಾದ ಜಿಡ್ಡುಬಣ್ಣವನ್ನು ಮೇಕಪ್ ಕಲಾವಿದ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ತಯಾರಿಸಿದ ಬಳಿಕ ಮುಖಬಣ್ಣ ಮತ್ತು ಅದರ ಉಪಕರಣ ಎರಡೂ ನಯವಾದವು. ಉತ್ತಮ ಬ್ರಷ್‌ಗಳ ತಯಾರಿಕೆಗೆ ಜಪಾನಿನ ಹಿರೋಶಿಮಾ ಪ್ರಾಂತದ ಕುಮಾನೊ ಪಟ್ಟಣ ಪ್ರಸಿದ್ಧವಾಗಿದೆ. ಅಲ್ಲಿ 19ನೆಯ ಶತಮಾನದಲ್ಲಿ ಬರವಣಿಗೆಯ ಕುಂಚದಿಂದ ಆರಂಭವಾದ ಕಸುಬು ಮುಂದೆ ಮೇಕಪ್ ಬ್ರಷ್‌ಗೆ ಹೊರಳಿತು. ಕುಮಾನೊ ಕುಂಚವನ್ನು ಜಪಾನ್ ಸರ್ಕಾರ 1975ರಲ್ಲಿ ಸಾಂಪ್ರದಾಯಿಕ ಕರಕುಶಲ ವಸ್ತುವೆಂದು ಗುರುತಿಸಿತು. ಭಾರತದಲ್ಲಿ ಉತ್ತರ ಪ್ರದೇಶದ ಬಿಜನೋರ್ ಜಿಲ್ಲೆಯ ಶೇರ್‌ಕೋಟ್ ಬ್ರಷ್ ತಯಾರಿಕೆಯ ಊರು.

ರಚನೆ

ಬ್ರಷ್‌ನ ಎಳೆಗಳ ಬುಡವನ್ನು ಕೊರಳಿನೊಳಗೆ ಎಪಾಕ್ಸಿಯಂತಹ ಅಂಟಿನಿಂದ ಹಿಡಿಸಿ, ಕೊರಳನ್ನು ಹಿಡಿಕೆಯ ಮೇಲೆ ಒತ್ತಿ ಬಿಗಿದಿರುತ್ತಾರೆ. ಹಿಡಿಕೆ ಸಾಮಾನ್ಯವಾಗಿ ಅರಗಿನ ಲೇಪವಿರುವ ಮರದ್ದು, ಅಗ್ಗದ ಬ್ರಷ್‌ಗಳಲ್ಲಿ ಪ್ಲಾಸ್ಟಿಕ್ಕಿನದು. ಆರೈಕೆಯ ಬಹುತೇಕ ನಿಯಮಗಳು ಈ ಜೋಡಣೆಯಿಂದಲೇ ಹುಟ್ಟುತ್ತವೆ. ನೀರು ಕೊರಳಿನೊಳಕ್ಕೆ ಇಳಿದರೆ ಅಂಟು ಮೆತ್ತಗಾಗುತ್ತದೆ, ಮರ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೊರಳು ಸಡಿಲವಾಗುತ್ತದೆ. ಬ್ರಷ್ ಹಾಳಾಗುವುದು ತೊಳೆದಿದ್ದರಿಂದ ಎಂಬ ಮಾತು ಸಾಮಾನ್ಯ. ಎಷ್ಟು ಸಲ ತೊಳೆದರು ಎಂಬುದಕ್ಕಿಂತ ನೀರು ಕೊರಳಿಗೆ ಹೋಯಿತೇ ಎಂಬುದೇ ಮುಖ್ಯ.

ಎಳೆಗಳಲ್ಲಿ ಎರಡು ಜಾತಿ. ಆಡು, ಕುದುರೆ, ಅಳಿಲು, ಸೈಬೀರಿಯಾದ ವೀಸಲ್ ಮುಂತಾದ ಪ್ರಾಣಿಗಳ ಕೂದಲು ಮೊದಲನೆಯದು. ಇದು ಕೆರಾಟಿನ್ ಎಂಬ ಪ್ರೋಟೀನು. ಮೇಲ್ಮೈಯಲ್ಲಿ ಹೆಂಚು ಹೊದಿಸಿದಂತೆ ಸಣ್ಣ ಪೊರೆಗಳಿದ್ದು, ಪುಡಿಯನ್ನು ಅವು ಚೆನ್ನಾಗಿ ಹಿಡಿದು ನಿಧಾನವಾಗಿ ಬಿಡುತ್ತವೆ. ನೈಲಾನ್ ಅಥವಾ ಪಾಲಿಯೆಸ್ಟರ್ ಜಾತಿಯ ಕೃತಕ ನೂಲು ಎರಡನೆಯದು. ಅದರ ಮೈ ನುಣುಪು, ಹೀರುವಿಕೆ ಕಡಿಮೆ, ಆದ್ದರಿಂದ ದ್ರವ ಮತ್ತು ಕ್ರೀಮಿಗೆ ಅದು ಹೊಂದುತ್ತದೆ, ತೊಳೆಯಲು ಸುಲಭ, ಬೇಗ ಒಣಗುತ್ತದೆ.

ಕ್ಷಾರಗುಣದ ಬಟ್ಟೆಸೋಪು ಕೆರಾಟಿನ್‌ನ ಪೊರೆಗಳನ್ನು ಎಬ್ಬಿಸಿ ಕೂದಲನ್ನು ಒರಟು ಮಾಡುತ್ತದೆ. ರೇಷ್ಮೆಯೂ ಪ್ರೋಟೀನಿನ ನೂಲೇ, ಕ್ಷಾರ ಅದಕ್ಕೂ ಆಗದು. ರೇಷ್ಮೆ ಸೀರೆಯನ್ನು ಅಂಟುವಾಳದ ನೊರೆಯಲ್ಲಿ ಅದ್ದಿ ತೆಗೆಯುವ ಮನೆಯ ಪದ್ಧತಿಗೆ ಆಧಾರ ಇದೇ. ಗದ್ವಾಲದ ಸೀರೆಯ ರೇಷ್ಮೆ ಅಂಚಿಗೆ ಯಾವುದು ಸಲ್ಲದೋ ಆಡಿನ ಕೂದಲಿನ ಬ್ರಷ್‌ಗೂ ಅದು ಸಲ್ಲದು. ಬಟ್ಟೆಸೋಪು, ಸೋಡಾ, ಬಿಸಿನೀರು, ಬ್ಲೀಚಿಂಗ್ ಪುಡಿ ನಾಲ್ಕೂ ಆ ಸಾಲಿನವು. ಬ್ಲೀಚಿಂಗ್ ಪುಡಿಯ ಹೈಪೋಕ್ಲೋರೈಟ್ ಅಂತೂ ಕೂದಲನ್ನು ಕರಗಿಸಿಯೇ ಬಿಡುತ್ತದೆ. ಕೃತಕ ನೂಲಿಗೆ ಇಷ್ಟು ಎಚ್ಚರ ಬೇಡ, ಆದರೆ ಅದರ ಕೊರಳಿನ ಅಂಟಿಗೆ ಬೇಕು.

ವಿಧಗಳು

ಪುಡಿ ಮತ್ತು ಬ್ಲಶ್ ಹಚ್ಚುವ ದಪ್ಪತಲೆಯವು, ಫೌಂಡೇಶನ್ ಹಚ್ಚುವ ಚಪ್ಪಟೆ ಅಥವಾ ಒತ್ತುತಲೆಯವು, ಕಣ್ಣಿನ ರೆಪ್ಪೆಯ ಬಣ್ಣಕ್ಕೆ ಸಣ್ಣವು, ಐಲೈನರ್ ಮತ್ತು ತುಟಿಗೆ ಮೊನೆಯವು, ಹುಬ್ಬಿಗೆ ಓರೆಯವು, ಮಸ್ಕಾರಾಕ್ಕೆ ಸುರುಳಿ ಕಡ್ಡಿ ಇವು ಮುಖ್ಯ. ಸ್ಪಂಜ್ ಮತ್ತು ಪಫ್ ಬ್ರಷ್ ಅಲ್ಲದಿದ್ದರೂ ಆರೈಕೆಯಲ್ಲಿ ಅವನ್ನು ಜೊತೆಗೇ ಎಣಿಸುತ್ತಾರೆ. ಮೊಟ್ಟೆಯಾಕಾರದ ಸ್ಪಂಜ್‌ನ ಒಡಲಿನಲ್ಲಿ ತೇವವೂ ಬಣ್ಣವೂ ಉಳಿಯುವುದರಿಂದ ಎಲ್ಲಕ್ಕಿಂತ ಬೇಗ ಕೆಡುವುದು ಅದೇ.

ಮೈಗೆ ಬಣ್ಣ ಬಳಿಯುವ ಬ್ರಷ್‌ಗಳದು ಬೇರೆ ಗುಂಪು. ಕಲ್ಯಾಣ ಕರ್ನಾಟಕದಲ್ಲಿ ಮೊಹರಂ ಸಮಯದ ಹುಲಿವೇಷ, ಕರಾವಳಿಯ ನವರಾತ್ರಿಯ ಹುಲಿವೇಷ ಎರಡರಲ್ಲೂ ಇಡೀ ಮೈಗೆ ಬಣ್ಣ ಹಾಕುತ್ತಾರೆ. ಅದಕ್ಕೆ ಮರಕ್ಕೆ, ಕಬ್ಬಿಣಕ್ಕೆ ಬಳಿಯುವ ಎನಾಮೆಲ್ ಬಣ್ಣ ಬಳಸಿದ್ದರೆ ಆ ಬ್ರಷ್ ಸೀಮೆಎಣ್ಣೆ ಅಥವಾ ಟರ್ಪಂಟೈನ್ ಇಲ್ಲದೆ ಶುಚಿಯಾಗದು. ಅಂಥ ಬ್ರಷ್ ಮತ್ತೆ ಮುಖದ ಕೆಲಸಕ್ಕೆ ಬರಬಾರದು.

ಕೊಳೆ ಮತ್ತು ಸೋಂಕು

ಬಳಸಿದ ಬ್ರಷ್‌ನಲ್ಲಿ ಚರ್ಮದ ಮೇದಸ್ಸು, ಬೆವರು, ಸತ್ತ ಜೀವಕೋಶ, ಬಣ್ಣದ ಎಣ್ಣೆ ಮತ್ತು ಧೂಳು ಸೇರುತ್ತವೆ. ಸೂಕ್ಷ್ಮಜೀವಿಗಳಿಗೆ ಇದು ಆಹಾರ. ತೇವವಿದ್ದರೆ ಅವು ವೃದ್ಧಿಸುತ್ತವೆ. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಕೆಯಲ್ಲಿದ್ದ 467 ಪ್ರಸಾಧನ ವಸ್ತುಗಳನ್ನು ಪರೀಕ್ಷಿಸಿದರು. ಲಿಪ್‌ಸ್ಟಿಕ್, ಲಿಪ್ ಗ್ಲಾಸ್, ಐಲೈನರ್, ಮಸ್ಕಾರಾ, ಬ್ಯೂಟಿ ಬ್ಲೆಂಡರ್ ಸ್ಪಂಜ್ ಅದರಲ್ಲಿದ್ದವು. ಬಹುಪಾಲು ವಸ್ತುಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಕಂಡುಬಂದಿತು, ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಇ. ಕೋಲೈ ಕೂಡ ಸಿಕ್ಕವು. ಸ್ಪಂಜ್‌ಗಳಲ್ಲಿ ಶೇಕಡಾ 93 ಒಮ್ಮೆಯೂ ತೊಳೆದವಾಗಿರಲಿಲ್ಲ, ಶೇಕಡಾ 64 ಒಮ್ಮೆಯಾದರೂ ನೆಲಕ್ಕೆ ಬಿದ್ದಿದ್ದವು. ಅಧ್ಯಯನ ಬ್ರಷ್‌ಗಳ ಬಗೆಗಲ್ಲ. ಆದರೂ ತೇವ ಹಿಡಿಯುವ ಉಪಕರಣದ ಸ್ಥಿತಿ ಏನಾಗುತ್ತದೆ ಎಂಬುದಕ್ಕೆ ಸ್ಪಂಜ್‌ನ ಅಂಕಿಗಳು ಸಾಕ್ಷಿ.

ಮೊಡವೆ ಹೆಚ್ಚುವುದು, ಕೂದಲಬುಡದ ಕುರು, ಕಣ್ಣುಕುಟಿಕೆ, ಕಣ್ಣುಬೇನೆ ಇವು ಕೊಳೆ ಬ್ರಷ್‌ನಿಂದ ಬರಬಹುದಾದ ತೊಂದರೆಗಳು. ಬಾಯಿಯ ಸುತ್ತ ಹರ್ಪಿಸ್ ಗುಳ್ಳೆ ಇದ್ದವರ ತುಟಿಗೆ ತಾಗಿದ ಬ್ರಷ್ ಇನ್ನೊಬ್ಬರಿಗೆ ವೈರಸ್ ಒಯ್ಯಬಲ್ಲದು. ತೆಲಂಗಾಣ ಮತ್ತು ಕರ್ನಾಟಕಗಳಲ್ಲಿ 2023ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕಣ್ಣುಬೇನೆ ವ್ಯಾಪಕವಾಗಿ ಹರಡಿತ್ತು. ಕಣ್ಣುಬೇನೆ ಇರುವವರ ಕಣ್ಣಿಗೆ ಮೇಕಪ್ ಮಾಡದಿರುವುದೇ ಸರಿಯಾದ ಕ್ರಮ, ತೊಳೆದು ಬಳಸಿದರಾಯಿತು ಎಂಬುದು ಅಲ್ಲಿ ಸಾಲದು.

ನೀರು

ಬ್ರಷ್ ಆರೈಕೆಯ ಪುಸ್ತಕಗಳು ಮತ್ತು ಚೀಟಿಗಳು ನೀರಿನ ಬಗ್ಗೆ ಬೆಚ್ಚಗಿರಲಿ ಎಂದಷ್ಟೇ ಹೇಳುತ್ತವೆ. ಈ ಪ್ರದೇಶಕ್ಕೆ ಅಷ್ಟು ಸಾಲದು. ಭಾರತೀಯ ಮಾನಕ 10500ರ (2012) ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಒಪ್ಪಬಹುದು. 200 ಮಿಲಿಗ್ರಾಂ ಗಡಸುತನದ ಒಂದು ಲೀಟರ್ ನೀರಿನಲ್ಲಿ ಸುಮಾರು 1.2 ಗ್ರಾಂ ಸೋಪು ನೊರೆ ಬರುವ ಮೊದಲೇ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುತ್ತದೆ. 600 ಮಿಲಿಗ್ರಾಂ ಇದ್ದರೆ 3.7 ಗ್ರಾಂ ಹೀಗೆ ವ್ಯರ್ಥ. ಆ ಗಸಿ ನೀರಿನಲ್ಲಿ ಕರಗದೆ ಎಳೆಗಳ ನಡುವೆ ಬೆಳ್ಳಗೆ, ಜಿಗುಟಾಗಿ ಉಳಿಯುತ್ತದೆ. ತೊಳೆದ ಬ್ರಷ್ ಒಣಗಿದ ಮೇಲೆ ಗಡುಸಾಗಿ ಮುಖ ಚುಚ್ಚುವುದಕ್ಕೆ ಕಾರಣ ಇದೇ. ಬ್ರಷ್ ಕಳಪೆಯೆಂದು ಎಸೆಯುವವರು ಹಲವರು, ತಪ್ಪು ಮಾತ್ರ ನೀರಿನದು.

ಇದಕ್ಕೆ ಪರಿಹಾರ ಸುಲಭ. ಸೋಪಿನ ಬದಲು ಶಾಂಪೂ ಬಳಸಬೇಕು. ಶಾಂಪೂವಿನ ಸಂಶ್ಲೇಷಿತ ಮಾರ್ಜಕಗಳು ಗಡಸು ನೀರಿನಲ್ಲಿ ಇಂಥ ಗಸಿ ಕಟ್ಟುವುದಿಲ್ಲ. ಅಂಟುವಾಳ, ಸೀಗೆಕಾಯಿಗಳ ಸ್ಯಾಪೊನಿನ್ ಕೂಡ ಸೋಪಿನಂತೆ ಗಸಿ ಕೊಡದು, ಆದರೆ ಅವುಗಳ ರಸದ ಬಣ್ಣ ಬಿಳಿ ಎಳೆಗೆ ಹಿಡಿಯಬಹುದು, ಚೂರುಗಳು ಎಳೆಗಳ ನಡುವೆ ಸಿಕ್ಕುತ್ತವೆ. ಬಟ್ಟೆಯಲ್ಲಿ ಸೋಸಿದ ನೀರನ್ನೇ ಬಳಸಬೇಕು. ಮೊದಲ ತೊಳೆತ ಕೊಳವೆಬಾವಿ ನೀರಿನಲ್ಲಾದರೂ ಕೊನೆಯ ಜಾಲಾಟ ಕುಡಿಯಲು ಶುದ್ಧೀಕರಿಸಿದ ನೀರಿನಲ್ಲಾಗಬೇಕು, ಒಂದು ಸೆಟ್‌ಗೆ ಒಂದೆರಡು ಲೀಟರ್ ಸಾಕು. 2016ರಲ್ಲಿ ಆರಂಭವಾದ ತೆಲಂಗಾಣದ ಮಿಷನ್ ಭಗೀರಥ ಯೋಜನೆ ಕೃಷ್ಣೆ, ಗೋದಾವರಿಗಳ ನೀರನ್ನು ನಲ್ಲಿಗೆ ತರುತ್ತದೆ. ನದಿಯ ನೀರು ಸಾಮಾನ್ಯವಾಗಿ ಕೊಳವೆಬಾವಿಯದಕ್ಕಿಂತ ಮೆದು, ಆದ್ದರಿಂದ ನಲ್ಲಿ ನೀರು ಬಂದ ವೇಳೆ ಬಕೆಟ್ ತುಂಬಿಟ್ಟು ಬ್ರಷ್ ಕೆಲಸಕ್ಕೆ ಬಳಸುವುದು ಲೇಸು. ಬೈಕಾರ್ಬೊನೇಟಿನಿಂದ ಬಂದ ಗಡಸುತನ ಕುದಿಸಿ ಆರಿಸಿದರೆ ಇಳಿಯುತ್ತದೆ, ಕ್ಲೋರೈಡ್ ಮತ್ತು ಸಲ್ಫೇಟಿನಿಂದ ಬಂದದ್ದು ಕುದಿಸಿದರೂ ಹೋಗದು. ಈಗಾಗಲೇ ಬಿಳಿ ಗಸಿ ಕಟ್ಟಿದ ಬ್ರಷ್‌ನ ತಲೆಯನ್ನು ನೀರು ಬೆರೆಸಿದ ವಿನಿಗರ್‌ನಲ್ಲಿ ಅದ್ದಿ ತೊಳೆದರೆ ಬಿಡುತ್ತದೆ, ಆದರೆ ಆಮ್ಲ ಲೋಹದ ಕೊರಳಿಗೆ ತಾಗಬಾರದು.

ತೊಳೆಯುವ ಕ್ರಮ

ಒಣ ಬಟ್ಟೆಗೆ ಉಜ್ಜಿ ಸಡಿಲ ಪುಡಿಯನ್ನು ತೆಗೆಯುವುದರಿಂದ ಆರಂಭ. ಕ್ರೀಮ್ ಫೌಂಡೇಶನ್, ಲಿಪ್‌ಸ್ಟಿಕ್, ಕಾಡಿಗೆ ಹಿಡಿದ ಬ್ರಷ್‌ಗೆ ನೇರವಾಗಿ ನೀರು ಹಾಕುವುದು ತಪ್ಪು, ಜಿಡ್ಡಿನ ಬಣ್ಣ ನೀರಿಗೆ ಜಗ್ಗದು. ಅಂಗೈಯಲ್ಲಿ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಎಳೆಗಳ ತುದಿಯನ್ನು ತಿರುಗಿಸಿದರೆ ಬಣ್ಣ ಎಣ್ಣೆಗೆ ಇಳಿಯುತ್ತದೆ. ಅದನ್ನು ಬಟ್ಟೆಗೆ ಒತ್ತಿ ತೆಗೆದ ಮೇಲೆ ಶಾಂಪೂವಿನ ಸರದಿ.

ತಲೆ ಕೆಳಗೆ, ಹಿಡಿಕೆ ಮೇಲೆ ಇರುವಂತೆ ಹಿಡಿದು ಉಗುರುಬೆಚ್ಚಗಿನ ನೀರನ್ನು ಎಳೆಗಳ ತುದಿಯ ಮೇಲಷ್ಟೇ ಹಾಯಿಸಬೇಕು. ಅಂಗೈಗೆ ಸ್ವಲ್ಪ ಶಾಂಪೂ ಹಾಕಿ ಮೆಲ್ಲಗೆ ಸುತ್ತಿಸಿ, ಬೆರಳಿನಿಂದ ಎಳೆಗಳ ಬುಡದವರೆಗೆ ಹಿಂಡಬೇಕು, ಬುಡದಲ್ಲಿ ಉಳಿದ ಹಳೆಯ ಬಣ್ಣವೇ ವಾಸನೆಗೆ ಕಾರಣ. ಜಾಲಿಸಿದ ನೀರು ತಿಳಿಯಾಗಿ ಬರುವ ತನಕ ಇದನ್ನು ಮತ್ತೆ ಮಾಡಬೇಕು. ಬ್ರಷ್‌ಗಳನ್ನು ಲೋಟದ ನೀರಿನಲ್ಲಿ ನೆನೆಹಾಕುವುದು ಈ ಕ್ರಮಕ್ಕೆ ನೇರ ವಿರುದ್ಧ. ಹಾಗೆ ಮಾಡಿದರೆ ಕೊರಳು ಮುಳುಗಿ ಅಂಟು ಬಿಡುತ್ತದೆ. ಸ್ಪಂಜ್‌ಗೆ ಮಾತ್ರ ನೆನೆಸಿ ಹಿಂಡುವ ಕ್ರಮ ಸಲ್ಲುತ್ತದೆ.

ಸ್ವಂತಕ್ಕೆ ಬಳಸುವ ಬ್ರಷ್‌ಗಳನ್ನು 7ರಿಂದ 10 ದಿನಕ್ಕೊಮ್ಮೆ ತೊಳೆಯಬೇಕೆಂದು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಸಲಹೆ ಮಾಡುತ್ತದೆ. ಮೊಡವೆ ಇರುವವರು ಇನ್ನೂ ಬೇಗ ತೊಳೆಯುವುದು ಒಳ್ಳೆಯದು, ಸ್ಪಂಜ್ ಪ್ರತಿ ಬಳಕೆಯ ಬಳಿಕ ತೊಳೆಯಬೇಕಾದ್ದು. ಮದುವೆಯ ಮೇಕಪ್‌ನಲ್ಲಿ ಲೆಕ್ಕ ದಿನಗಳದಲ್ಲ, ಮುಖಗಳದು. ಒಂದು ಮುಖ ಮುಗಿದರೆ ಒಂದು ಬಳಕೆ ಮುಗಿದಂತೆ.

ಸೋಂಕು ನಿವಾರಣೆ

ವೃತ್ತಿಯವರು ಬಳಸುವುದು ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್. ಅಪ್ಪಟ ಆಲ್ಕೋಹಾಲ್ ಇನ್ನೂ ಬಲವಾದೀತೆಂಬ ಎಣಿಕೆ ತಪ್ಪು. ಸೂಕ್ಷ್ಮಜೀವಿಯ ಪ್ರೋಟೀನು ಮುರಿಯಲು ನೀರೂ ಬೇಕು, ಅಪ್ಪಟದ್ದು ಕೆಲಸ ಮುಗಿಯುವ ಮುನ್ನವೇ ಆವಿಯಾಗುತ್ತದೆ. ಬಣ್ಣ ಮೆತ್ತಿದ ಬ್ರಷ್‌ಗೆ ಆಲ್ಕೋಹಾಲ್ ಸಿಂಪಡಿಸಿದರೆ ಅದು ಮೇಲ್ಪದರವನ್ನಷ್ಟೇ ಮುಟ್ಟುತ್ತದೆ. ಆದ್ದರಿಂದ ಮೊದಲು ತೊಳೆಯುವುದು, ಆಮೇಲೆ ಸೋಂಕು ನಿವಾರಣೆ ಎಂಬ ಅನುಕ್ರಮ ಬದಲಾಗಬಾರದು. ಮದುವೆ ಮನೆಯಲ್ಲಿ ನಡುವೆ ತೊಳೆಯಲು ಬಿಡುವಿಲ್ಲದಿದ್ದರೆ ಎಳೆಗಳನ್ನು ಆಲ್ಕೋಹಾಲಿನಿಂದ ತೋಯಿಸಿ, ಬಿಳಿ ಟಿಶ್ಯೂವಿನ ಮೇಲೆ ಬಣ್ಣ ಇಳಿಯುವುದು ನಿಲ್ಲುವವರೆಗೆ ಒರೆಸಿ, ಪೂರ್ತಿ ಆರಲು ಬಿಟ್ಟು ಬಳಸುತ್ತಾರೆ. ಇದು ತಾತ್ಕಾಲಿಕ ಕ್ರಮ. ಪ್ರಾಣಿಕೂದಲಿಗೆ ಪದೇ ಪದೇ ಆಲ್ಕೋಹಾಲ್ ಬಿದ್ದರೆ ಅದು ಒಣಗಿ ಮುರಿಯುತ್ತದೆ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವಂಥದು. ದೀಪ, ಊದುಬತ್ತಿ, ಒಲೆ ಉರಿಯುವ ಕೋಣೆಯಲ್ಲಿ ಸಿಂಪಡಿಸಬಾರದು.

ನೇರಳಾತೀತ ಕಿರಣದ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಕಿರಣ ನೇರವಾಗಿ ಬಿದ್ದ ಮೇಲ್ಮೈಯಲ್ಲಷ್ಟೇ ಅವು ಕೆಲಸ ಮಾಡುತ್ತವೆ, ದಟ್ಟ ಎಳೆಗಳ ನೆರಳಿಗೆ ಕಿರಣ ಹೊಗದು. ಕುದಿಸುವುದು, ಪ್ರೆಶರ್ ಕುಕ್ಕರ್‌ನಲ್ಲಿ ಇಡುವುದು ಬ್ರಷ್‌ನ ಅಂಟನ್ನು ಕೆಡಿಸುತ್ತದೆ. ತುಟಿ ಮತ್ತು ಮಸ್ಕಾರಾಕ್ಕೆ ಒಮ್ಮೆ ಬಳಸಿ ಎಸೆಯುವ ಕಡ್ಡಿಯೇ ಒಳ್ಳೆಯದು. ಬ್ರಷ್‌ನಷ್ಟೇ ಮುಖ್ಯವಾದದ್ದು ಬಣ್ಣದ ಡಬ್ಬಿ. ತೊಳೆದ ಬ್ರಷ್ ಕೊಳೆ ಡಬ್ಬಿಗೆ ಹೋದರೆ ಫಲವಿಲ್ಲ. ಆದ್ದರಿಂದ ಕ್ರೀಮು, ಲಿಪ್‌ಸ್ಟಿಕ್‌ಗಳನ್ನು ಚಮಚದಂಥ ಚಪ್ಪಟೆ ಕಡ್ಡಿಯಿಂದ ಸ್ಟೀಲ್ ತಟ್ಟೆಗೆ ತೆಗೆದುಕೊಂಡು, ಅಲ್ಲಿಂದ ಹಚ್ಚುವುದು ವೃತ್ತಿಯ ಪದ್ಧತಿ.

ಒಣಗಿಸುವುದು ಮತ್ತು ಇಡುವುದು

ಒಣ ಟವೆಲ್‌ನಲ್ಲಿ ನೀರು ಹಿಂಡಿ, ಬೆರಳಿನಿಂದ ತಲೆಯ ಆಕಾರ ತಿದ್ದಿ, ಮೇಜಿನ ಅಂಚಿನಿಂದ ತಲೆ ಹೊರಚಾಚುವಂತೆ ಮಲಗಿಸಿ ಇಡಬೇಕು. ಆಗ ಗಾಳಿ ಎಲ್ಲ ಬದಿಯಿಂದ ಆಡುತ್ತದೆ. ನಿಲ್ಲಿಸಿಟ್ಟರೆ ನೀರು ಕೊರಳಿಗೆ ಇಳಿಯುತ್ತದೆ. ತಲೆ ಕೆಳಗಾಗಿ ನೇತುಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಸಣ್ಣ ಕಣ್ಣಿನ ಬ್ರಷ್ ಕೆಲವೇ ತಾಸಿನಲ್ಲಿ ಒಣಗುತ್ತದೆ, ದಟ್ಟತಲೆಯ ಪುಡಿ ಬ್ರಷ್‌ಗೆ ಒಂದು ರಾತ್ರಿ ಬೇಕಾಗುತ್ತದೆ.

ಈ ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಮನೆಯೊಳಗೆ ಫ್ಯಾನಿನಡಿ ಇಟ್ಟ ಬ್ರಷ್ ಬೇಗ ಒಣಗುವುದರಿಂದ ಬಿಸಿಲಿಗೆ ಇಡುವ ಅಗತ್ಯ ಬೀಳದು. ಬಿಸಿಲಿನಲ್ಲಿ ಅಂಟು ಸಡಿಲಾಗಿ ಹಿಡಿಕೆಯ ಅರಗು ಬಿರಿಯುತ್ತದೆ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಒಣಗುವುದು ನಿಧಾನ. ಹಸಿ ಬ್ರಷ್ ಮುಚ್ಚಿದ ಪೌಚ್‌ಗೆ ಹೋದರೆ ಬೂಷ್ಟು ಕಟ್ಟುತ್ತದೆ, ಬೂಷ್ಟು ಹಿಡಿದ ಬ್ರಷ್‌ಗೆ ಪರಿಹಾರವಿಲ್ಲ. ಮಖ್ತಲ್ ಸುತ್ತಿನ ಕರಿಮಣ್ಣಿನ ಧೂಳು ತೆರೆದಿಟ್ಟ ಬ್ರಷ್‌ಗೆ ಬೇಸಿಗೆಯ ಗಾಳಿಯಲ್ಲಿ ಕೂರುತ್ತದೆ. ಪೂರ್ತಿ ಒಣಗಿದ ಮೇಲೆ ಬಟ್ಟೆಯ ಚೀಲದಲ್ಲಿ ಅಥವಾ ಸಡಿಲ ಮುಚ್ಚಳದ ಡಬ್ಬಿಯಲ್ಲಿ ಇಡುವುದು ಆಗ ಅನಿವಾರ್ಯ.

ಅರಿಶಿನ ಮತ್ತು ಕುಂಕುಮದ ಕಲೆ

ಅರಿಶಿನ ಶಾಸ್ತ್ರದ ಮರುದಿನ ಮದುಮಗಳ ಮುಖಕ್ಕೆ ಮೇಕಪ್ ಹಚ್ಚುವಾಗ ಬಿಳಿ ಎಳೆಗಳು ಹಳದಿಗೆ ತಿರುಗುತ್ತವೆ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರ ಕಡಿಮೆ, ಎಣ್ಣೆಯಲ್ಲಿಯೂ ಆಲ್ಕೋಹಾಲಿನಲ್ಲಿಯೂ ಕರಗುತ್ತದೆ. ಬಟ್ಟೆಸೋಪು ತಗುಲಿದರೆ ಕಲೆ ಕೆಂಪಾಗುತ್ತದೆ, ಕಾರಣ ಕ್ಷಾರದಲ್ಲಿ ಕರ್ಕ್ಯುಮಿನ್ ಕೆಂಪು. ಸಾಂಪ್ರದಾಯಿಕ ಕುಂಕುಮವನ್ನು ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವುದೂ ಇದೇ ಗುಣದಿಂದ. ಕಲೆ ಕಂಡರೆ ಮೊದಲು ಎಣ್ಣೆ, ಬಳಿಕ ಶಾಂಪೂ. ಉಳಿದ ಹಳದಿ ಬೆಳಕಿಗೆ ತಾನೇ ಮಸುಕಾಗುತ್ತದೆ. ಕೃತಕ ಎಳೆಯ ಬ್ರಷ್‌ನ ಕೊರಳು ಮತ್ತು ಹಿಡಿಕೆಗೆ ಬಟ್ಟೆ ಸುತ್ತಿ, ತಲೆಯನ್ನಷ್ಟೇ ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಒಡ್ಡಬಹುದು. ಕೃತಕ ಬಣ್ಣದ ಕುಂಕುಮದ ಕಲೆ ಹೀಗೆ ಹೋಗದು.

ರಂಗದ ಬಣ್ಣದ ಬ್ರಷ್‌ಗಳು

ಹಳೆಯ ರಂಗಬಣ್ಣಗಳಲ್ಲಿ ಅರದಾಳ ಆರ್ಸೆನಿಕ್‌ನ ಸಲ್ಫೈಡ್, ಇಂಗಳೀಕ ಪಾದರಸದ ಸಲ್ಫೈಡ್. ಎರಡೂ ವಿಷದ ಧಾತುಗಳನ್ನು ಹೊತ್ತ ಖನಿಜಗಳು. ಈಗ ಹೆಚ್ಚಾಗಿ ಸಿದ್ಧ ಬಣ್ಣಗಳು ಬಳಕೆಯಲ್ಲಿವೆ. ಹಳೆಯ ದಾಸ್ತಾನಿನ ಬಣ್ಣ ಬಳಸಿದ ಬ್ರಷ್‌ ಅನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು, ಬಣ್ಣವನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ ತೆಗೆದು ಆ ಬಟ್ಟೆಯನ್ನು ಸುಡದೆ ಬೇರೆಯಾಗಿ ಕಟ್ಟಿಡಬೇಕು. ಸುಟ್ಟರೆ ಆರ್ಸೆನಿಕ್, ಪಾದರಸ ಹೊಗೆಯಾಗಿ ಉಸಿರಿಗೆ ಬರುತ್ತವೆ. ಸಫೇದ ಈಗ ಸಾಮಾನ್ಯವಾಗಿ ಸತುವಿನ ಆಕ್ಸೈಡ್, ತೆಂಗಿನೆಣ್ಣೆ ಮತ್ತು ಶಾಂಪೂವಿಗೆ ಬಿಡುತ್ತದೆ.

ಬದಲಿಸುವ ಸಮಯ

ಒಳ್ಳೆಯ ಬ್ರಷ್ ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಎಳೆ ಉದುರುವುದು, ತಲೆ ಬಿರಿದು ಆಕಾರಕ್ಕೆ ಬಾರದಿರುವುದು, ಕೊರಳು ಅಲ್ಲಾಡುವುದು, ತೊಳೆದು ಒಣಗಿದ ಮೇಲೂ ವಾಸನೆ ಉಳಿಯುವುದು ಇವು ಬದಲಿಸಬೇಕೆಂಬ ಗುರುತುಗಳು. ಆದರೆ ಕೊರಳಷ್ಟೇ ಅಲ್ಲಾಡುತ್ತಿದ್ದರೆ ಅಂಟು ಹಾಕಿ ಮತ್ತೆ ಬಳಸಬಹುದು. ಸ್ಪಂಜ್ ಹರಿದರೆ, ಬಣ್ಣ ಬಿಡದಾದರೆ ತಡಮಾಡದೆ ಬದಲಿಸಬೇಕು.

ಕಾನೂನು ಮತ್ತು ಇಂದಿನ ಸ್ಥಿತಿ

ಭಾರತದಲ್ಲಿ ಪ್ರಸಾಧನ ವಸ್ತುಗಳ ತಯಾರಿಕೆ, ಆಮದು ಮತ್ತು ಮಾರಾಟಕ್ಕೆ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ ಹಾಗೂ 2020ರ ಪ್ರಸಾಧನ ನಿಯಮಗಳಿವೆ. ಎಳೆಗಳಿಗೆ ಸಂಬಂಧಿಸಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮುಂಗುಸಿ ಈ ಕಾಯ್ದೆಯ ರಕ್ಷಣೆಯಲ್ಲಿದೆ, ಅದರ ಕೂದಲಿನ ಬ್ರಷ್ ಮಾಡುವುದೂ ಮಾರುವುದೂ ಅಪರಾಧ. ಚಿತ್ರಕಲೆಯ ಕುಂಚಗಳಿಗಾಗಿ ನಡೆಯುತ್ತಿದ್ದ ಮುಂಗುಸಿ ಬೇಟೆಯ ವಿರುದ್ಧ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ 2019ರಲ್ಲಿ ಹಲವು ರಾಜ್ಯಗಳಲ್ಲಿ ಕಾರ್ಯಾಚರಣೆ ನಡೆಸಿತು. ಕೃತಕ ಎಳೆಯ ಗುಣ ಈಗ ಬಹಳ ಸುಧಾರಿಸಿದ್ದು, ವನ್ಯಪ್ರಾಣಿಯ ಕೂದಲಿಗೆ ಸಮರ್ಥನೆ ಉಳಿದಿಲ್ಲ.

ಮೇಕಪ್ ವೃತ್ತಿಯ ಬಾಗಿಲು ಹೆಂಗಸರಿಗೆ ಪೂರ್ತಿ ತೆರೆದದ್ದು ಇತ್ತೀಚೆಗೆ. ಮುಂಬಯಿಯ ಚಿತ್ರೋದ್ಯಮದ ಸಂಘ ಹೆಂಗಸರಿಗೆ ಕೇಶಾಲಂಕಾರದ ಕಾರ್ಡು ಮಾತ್ರ ಕೊಡುತ್ತಿತ್ತು, ಮೇಕಪ್ ಕಲಾವಿದರ ಕಾರ್ಡು ಕೊಡುತ್ತಿರಲಿಲ್ಲ. ಆ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2014ರ ನವೆಂಬರ್ 10ರಂದು ರದ್ದುಪಡಿಸಿತು. ಸಣ್ಣ ಪಟ್ಟಣಗಳಲ್ಲಿ ಬ್ಯೂಟಿ ಪಾರ್ಲರ್ ಹೆಂಗಸರೇ ಕಟ್ಟಿ ನಡೆಸುವ ಉದ್ಯೋಗ. ಕೈಗಾರಿಕಾ ತರಬೇತಿ ಸಂಸ್ಥೆಗಳ ಕಾಸ್ಮೆಟಾಲಜಿ ವಿಭಾಗದ ಪಾಠಕ್ರಮದಲ್ಲಿ ಉಪಕರಣಗಳ ಶುಚಿತ್ವವೂ ಸೇರಿದೆ, ಆದರೆ ಊರಿನ ನೀರಿನ ಗಡಸುತನಕ್ಕೆ ತಕ್ಕಂತೆ ಕಲಿಸಿದರೆ ಮಾತ್ರ ಆ ಪಾಠ ಗಡಿಸೀಮೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಸೆಟ್‌ಗಳ ಮೇಲೆ ಎಳೆ ಯಾವುದರದೆಂದು ಎಷ್ಟೋ ಸಲ ಬರೆದಿರುವುದಿಲ್ಲ. ಉದುರಿದ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟರೆ ತಿಳಿಯುತ್ತದೆ. ಪ್ರಾಣಿಕೂದಲು ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿಯಾಗುತ್ತದೆ, ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಜರಿ ಸೀರೆಯ ರೇಷ್ಮೆ ಅಸಲಿಯೇ ಎಂದು ನೋಡಲು ಒಂದು ಎಳೆ ಸುಡುವ ಪರೀಕ್ಷೆಯೇ ಇದು. ಮೊದಲ ಬಗೆಯದಾದರೆ ಶಾಂಪೂ ಮತ್ತು ಮೆದುನೀರು, ಆಲ್ಕೋಹಾಲ್ ಅಪರೂಪಕ್ಕೆ. ಎರಡನೆಯದಾದರೆ ಶಾಂಪೂ, ಬಳಿಕ ಪ್ರತಿ ಮುಖಕ್ಕೂ ಆಲ್ಕೋಹಾಲ್.